ಓದುಗರ ಪ್ರಶ್ನೆ, ನಮ್ಮ ಉತ್ತರ: ಧೂಮಕೇತುವಿಗೆ ಆಟೊಗೈಡಿಂಗ್

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆಟೊಗೈಡಿಂಗ್‌ಗೆ (ಎರಡನೇ ಕ್ಯಾಮೆರಾದಿಂದ ಒಂದು ನಕ್ಷತ್ರವನ್ನು ನೋಡುತ್ತಾ ಟೆಲಿಸ್ಕೋಪ್‌ನ ಚಲನೆಯನ್ನು ತಾನಾಗಿ ತಿದ್ದುವ ವಿಧಾನ) ಹೊಸಬರಾದವರಿಂದ ಬಂದಿವೆ. ನೀಹಾರಿಕೆ, ಗೆಲಾಕ್ಸಿಗಳಿಗೆ ಕೈಹಾಕುವ ಮೊದಲೇ ನೇರವಾಗಿ ಧೂಮಕೇತುವಿಗೆ ಗುರಿಯಿಟ್ಟವರು ಇವರು. ಒಂದೇ ಎಡವಟ್ಟಿನ ಬೇರೆ ಬೇರೆ ಮುಖಗಳನ್ನು ಕೇಳಿದ್ದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: 400 ಮಿ.ಮೀ. ಫೋಕಲ್ ಲೆಂಗ್ತ್‌ನ ಚಿಕ್ಕ ಟೆಲಿಸ್ಕೋಪ್, ಡಿಎಸ್‌ಎಲ್‌ಆರ್ ಕ್ಯಾಮೆರಾ, ಮೇಲೆ 50 ಮಿ.ಮೀ. ಅಗಲದ ಗೈಡ್ ಸ್ಕೋಪ್ (ಗೈಡ್ ಕ್ಯಾಮೆರಾ ಹೊರುವ ಚಿಕ್ಕ ಟೆಲಿಸ್ಕೋಪ್) ಇಟ್ಟುಕೊಂಡು ಮೊದಲ ಸಲ ಗೈಡಿಂಗ್ ಮಾಡಿದೆ. ಗೈಡಿಂಗ್ ಸಾಫ್ಟ್‌ವೇರ್ ಪಿಎಚ್‌ಡಿ2 ತೋರಿಸಿದ ಒಟ್ಟು ಆರ್‌ಎಂಎಸ್ (ಸರಾಸರಿ ತಪ್ಪು) 0.9 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ). 5 ನಿಮಿಷದ ಫ್ರೇಮ್‌ಗಳಲ್ಲಿ ನಕ್ಷತ್ರಗಳು ಗುಂಡಗಿವೆ, ಆದರೆ ಧೂಮಕೇತುವಿನ ತಲೆ ಒಂದು ಕಡೆಗೆ ಎಳೆದ ಹಾಗಿದೆ. ಗೈಡಿಂಗ್‌ನಲ್ಲಿ ಏನು ತಪ್ಪಾಗಿದೆ?

ಉತ್ತರ: ಏನೂ ತಪ್ಪಾಗಿಲ್ಲ. ಗೈಡಿಂಗ್ ಚೆನ್ನಾಗಿ ನಡೆದದ್ದರಿಂದಲೇ ಧೂಮಕೇತು ಹಾಗೆ ಬಂದಿದೆ. ಗೈಡ್ ಕ್ಯಾಮೆರಾ ಎರಡು ಸೆಕೆಂಡಿಗೊಮ್ಮೆ ಒಂದು ನಕ್ಷತ್ರದ ಚಿತ್ರ ತೆಗೆದು, ಅದರ ನಡುಬಿಂದು ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಿ, ಅಷ್ಟನ್ನು ತಿದ್ದಲು, ಟೆಲಿಸ್ಕೋಪ್ ಹೊತ್ತು ತಿರುಗಿಸುವ ಮೌಂಟ್‌ಗೆ ಹೇಳುತ್ತದೆ. ಅದಕ್ಕೆ ಗೊತ್ತಿರುವುದು ಆ ನಕ್ಷತ್ರ ಮಾತ್ರ. ಧೂಮಕೇತು ನಕ್ಷತ್ರಗಳ ನಡುವೆ ತನ್ನ ಪಾಡಿಗೆ ಸರಿಯುತ್ತಿರುತ್ತದೆ.

ಎಷ್ಟು ಸರಿಯುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ, ಎಕ್ಸ್‌ಪೋಷರ್ ಆಮೇಲೆ ತೀರ್ಮಾನಿಸಿ. ನಿಮ್ಮ ಪಿಕ್ಸೆಲ್ ಸ್ಕೇಲ್ (ಒಂದು ಪಿಕ್ಸೆಲ್‌ಗೆ ಬೀಳುವ ಆಕಾಶದ ಅಗಲ) ಕಂಡುಹಿಡಿಯಲು ಪಿಕ್ಸೆಲ್‌ನ ಅಳತೆಯನ್ನು (ಮೈಕ್ರಾನ್‌ಗಳಲ್ಲಿ) 206ರಿಂದ ಗುಣಿಸಿ, ಫೋಕಲ್ ಲೆಂಗ್ತ್‌ನಿಂದ (ಮಿ.ಮೀ.ಗಳಲ್ಲಿ) ಭಾಗಿಸಿ. 4.3 ಮೈಕ್ರಾನ್ ಪಿಕ್ಸೆಲ್ ಮತ್ತು 400 ಮಿ.ಮೀ.ಗೆ ಅದು ಸುಮಾರು 2.2 ಆರ್ಕ್‌ಸೆಕೆಂಡ್. ಧೂಮಕೇತು ಗಂಟೆಗೆ 180 ಆರ್ಕ್‌ಸೆಕೆಂಡ್ ಸರಿಯುತ್ತಿದೆ ಎಂದಿಟ್ಟುಕೊಳ್ಳಿ, ಅಂದರೆ ನಿಮಿಷಕ್ಕೆ 3. ಐದು ನಿಮಿಷದಲ್ಲಿ 15 ಆರ್ಕ್‌ಸೆಕೆಂಡ್, ಸುಮಾರು 7 ಪಿಕ್ಸೆಲ್. ತಲೆ ಎಳೆದಂತೆ ಕಾಣದೆ ಇನ್ನೇನಾದೀತು?

ಎರಡು ಪಿಕ್ಸೆಲ್‌ನಷ್ಟು ಜಾರಿದರೆ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ವಾತಾವರಣದ ಅಲುಗಾಟದಿಂದ ನಕ್ಷತ್ರಗಳೇ ಅಷ್ಟು ಅಗಲವಾಗಿರುತ್ತವೆ. ನಿಮ್ಮ ಸಲಕರಣೆಗೆ ಎರಡು ಪಿಕ್ಸೆಲ್ ಎಂದರೆ 4.4 ಆರ್ಕ್‌ಸೆಕೆಂಡ್. ಅದನ್ನು ನಿಮಿಷದ ವೇಗವಾದ 3ರಿಂದ ಭಾಗಿಸಿದರೆ ಒಂದೂವರೆ ನಿಮಿಷಕ್ಕೆ ಸ್ವಲ್ಪ ಕಡಿಮೆ. ಹಾಗಾಗಿ 90 ಸೆಕೆಂಡ್ ಮೇಲ್ಮಿತಿ, 60 ಸೆಕೆಂಡ್ ನೆಮ್ಮದಿ. ಐದು ನಿಮಿಷದ 12 ಫ್ರೇಮ್‌ಗಳ ಬದಲು ಒಂದು ನಿಮಿಷದ 60 ಫ್ರೇಮ್ ತೆಗೆಯಿರಿ. ಒಟ್ಟು ಬೆಳಕು ಅಷ್ಟೇ. ಹಿಸ್ಟೋಗ್ರಾಮ್‌ನ ಗುಡ್ಡ ಎಡ ಅಂಚನ್ನು ಬಿಟ್ಟು ಸ್ಪಷ್ಟವಾಗಿ ಈಚೆಗೆ ಬಂದಿದ್ದರೆ ಒಂದು ನಿಮಿಷದಿಂದ ನಷ್ಟವೇನಿಲ್ಲ. ಅಂಟಿಕೊಂಡೇ ಇದ್ದರೆ ಐಎಸ್‌ಒ 800ರಿಂದ 1600ಕ್ಕೆ ಏರಿಸಿ.

ಧೂಮಕೇತು ಭೂಮಿಯ ಹತ್ತಿರ ಬಂದಾಗ ಈ ಲೆಕ್ಕ ಪೂರ್ತಿ ಬದಲಾಗುತ್ತದೆ. ಸಿ/2022 ಇ3 ಝಡ್‌ಟಿಎಫ್ 2023ರ ಫೆಬ್ರುವರಿ 1ರ ಸುಮಾರಿಗೆ ಭೂಮಿಯಿಂದ 4.2 ಕೋಟಿ ಕಿ.ಮೀ. ದೂರದಲ್ಲಿ ಹಾದುಹೋಯಿತು. ಅಂಥ ಸಮಯದಲ್ಲಿ ದಿನಕ್ಕೆ ಹಲವು ಡಿಗ್ರಿ ಸರಿಯುತ್ತವೆ. ದಿನಕ್ಕೆ 6 ಡಿಗ್ರಿ ಎಂದರೆ ನಿಮಿಷಕ್ಕೆ 15 ಆರ್ಕ್‌ಸೆಕೆಂಡ್. ಆಗ ನಿಮ್ಮ ಮಿತಿ 17 ಸೆಕೆಂಡ್. ಹೋದ ತಿಂಗಳು ಹೊಂದಿದ ಎಕ್ಸ್‌ಪೋಷರ್ ಈ ತಿಂಗಳಿಗೂ ಹೊಂದುತ್ತದೆ ಎಂದು ನಂಬಿ ಕೂರಬೇಡಿ.

ಪ್ರಶ್ನೆ: ಈ ವೇಗ ಎಲ್ಲಿ ಸಿಗುತ್ತದೆ?

ಉತ್ತರ: ನಾಸಾದ ಜೆಪಿಎಲ್ ನಡೆಸುವ ಹೊರೈಜನ್ಸ್ ಸೇವೆಯಲ್ಲಿ ಸಿಗುತ್ತದೆ, ಉಚಿತವಾಗಿ. ಧೂಮಕೇತುವಿನ ಹೆಸರು, ನಿಮ್ಮ ಜಾಗದ ಅಕ್ಷಾಂಶ–ರೇಖಾಂಶ, ಆ ರಾತ್ರಿಯ ಅವಧಿ ಕೊಟ್ಟು ಒಂದು ಗಂಟೆಯ ಅಂತರದಲ್ಲಿ ಪಟ್ಟಿ ಕೇಳಿ. ಯಾವ ಯಾವ ಅಂಕಣ ಬೇಕು ಎಂದು ಆರಿಸುವಲ್ಲಿ ಆರ್‌ಎ (ಆಕಾಶದಲ್ಲಿ ಪೂರ್ವ–ಪಶ್ಚಿಮ) ಮತ್ತು ಡೆಕ್ (ಉತ್ತರ–ದಕ್ಷಿಣ) ವೇಗಗಳಿಗೆ ಗುರುತು ಹಾಕಿ. ಗಂಟೆಗೆ ಇಷ್ಟು ಆರ್ಕ್‌ಸೆಕೆಂಡ್ ಎಂದು ಎರಡು ಸಂಖ್ಯೆ ಬರುತ್ತವೆ. ಒಂದೊಂದನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ ಒಟ್ಟು ವೇಗ. ಆರ್‌ಎ −150, ಡೆಕ್ +100 ಇದ್ದರೆ ಒಟ್ಟು 180. ಆರ್‌ಎ ವೇಗವನ್ನು ಡೆಕ್‌ನ ಕೊಸೈನ್‌ನಿಂದ ಆಗಲೇ ಗುಣಿಸಿಯೇ ಕೊಟ್ಟಿರುತ್ತಾರೆ, ನೀವು ಇನ್ನೊಮ್ಮೆ ಗುಣಿಸಬೇಡಿ. ಸಮಯ ಯೂನಿವರ್ಸಲ್ ಟೈಮ್‌ನಲ್ಲಿರುತ್ತದೆ, ಅದನ್ನೂ ಗಮನದಲ್ಲಿಡಿ. ಮತ್ತೆ ಮತ್ತೆ ಬರುವ ಆವರ್ತ ಧೂಮಕೇತುಗಳಾದರೆ ಹಲವು ದಾಖಲೆಗಳ ಪಟ್ಟಿ ಕಾಣುತ್ತದೆ. ಇತ್ತೀಚಿನ ಬರುವಿಕೆಯದನ್ನು ಆರಿಸಿ.

ಆಕಾಶ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರ್‌ನಲ್ಲಿ ನೋಡಿ ಗುರಿಯಿಡುವವರು ಅದರ ಕಕ್ಷಾ ದತ್ತಾಂಶವನ್ನು ಆ ವಾರವೇ ಹೊಸದಾಗಿ ಇಳಿಸಿಕೊಳ್ಳಬೇಕು. ತಿಂಗಳುಗಳ ಹಿಂದಿನ ದತ್ತಾಂಶ ಇಟ್ಟುಕೊಂಡು ಹುಡುಕಿದರೆ ಧೂಮಕೇತು ಫ್ರೇಮ್‌ನ ಹೊರಗೇ ಉಳಿಯಬಹುದು.

ಪ್ರಶ್ನೆ: ಕ್ಯಾಲಿಬ್ರೇಷನ್ (ಮೌಂಟ್ ಅಲುಗಿಸಿದರೆ ನಕ್ಷತ್ರ ಎತ್ತ, ಎಷ್ಟು ಸರಿಯುತ್ತದೆ ಎಂದು ಸಾಫ್ಟ್‌ವೇರ್ ಕಲಿಯುವ ಹಂತ) ಶುರುಮಾಡಿದರೆ "ನಕ್ಷತ್ರ ಸಾಕಷ್ಟು ಚಲಿಸಲಿಲ್ಲ" ಎಂಬ ಸಂದೇಶ ಬಂದು ನಿಲ್ಲುತ್ತದೆ. ಒಮ್ಮೆ ಪೂರ್ವ–ಪಶ್ಚಿಮ ಮುಗಿಸಿ ಉತ್ತರಕ್ಕೆ ಹೋದಾಗ ನಿಂತಿತು. ಧೂಮಕೇತುವಿನ ಕಡೆಗೇ ಟೆಲಿಸ್ಕೋಪ್ ತಿರುಗಿಸಿ ಮಾಡುತ್ತಿದ್ದೇನೆ.

ಉತ್ತರ: ಮೊದಲು ಜಾಗ ಬದಲಿಸಿ. ಕ್ಯಾಲಿಬ್ರೇಷನ್ ಧೂಮಕೇತುವಿನ ಬಳಿಯೇ ಆಗಬೇಕೆಂದಿಲ್ಲ. ಖಗೋಳ ವಿಷುವದ್ವೃತ್ತದಿಂದ 20 ಡಿಗ್ರಿಯ ಒಳಗೆ, ಮೆರಿಡಿಯನ್‌ಗೆ (ನೆತ್ತಿಯ ಮೇಲೆ ಹಾದುಹೋಗುವ ಉತ್ತರ–ದಕ್ಷಿಣ ರೇಖೆ) ಹತ್ತಿರ, ಆಕಾಶದಲ್ಲಿ ಎತ್ತರದಲ್ಲಿರುವ ಜಾಗ ಇದಕ್ಕೆ ಸೂಕ್ತ. ಧ್ರುವದ ಕಡೆಗೆ ಹೋದಂತೆ ಆರ್‌ಎ ಮೋಟಾರ್ ಅಷ್ಟೇ ತಿರುಗಿದರೂ ನಕ್ಷತ್ರ ಕಡಿಮೆ ಸರಿಯುತ್ತದೆ; 60 ಡಿಗ್ರಿ ಡೆಕ್‌ನಲ್ಲಿ ಅದು ಅರ್ಧಕ್ಕೆ ಇಳಿದಿರುತ್ತದೆ. ಮೌಂಟ್ ಆಸ್ಕಾಮ್ ಅಥವಾ ಇಂಡಿ ಎಂಬ ಚಾಲಕ ಸಾಫ್ಟ್‌ವೇರ್ ಮೂಲಕ ಕಂಪ್ಯೂಟರ್‌ಗೆ ಜೋಡಣೆಯಾಗಿದ್ದರೆ, ಟೆಲಿಸ್ಕೋಪ್ ಎತ್ತ ನೋಡುತ್ತಿದೆ ಎಂದು ಪಿಎಚ್‌ಡಿ2ಗೆ ಗೊತ್ತಿರುತ್ತದೆ. ಒಂದು ಕಡೆ ಮಾಡಿದ ಕ್ಯಾಲಿಬ್ರೇಷನ್ಅನ್ನು ಅದು ಬೇರೆ ಕಡೆಗೂ ಹೊಂದಿಸಿಕೊಳ್ಳುತ್ತದೆ, ಮೆರಿಡಿಯನ್ ದಾಟಿ ಟೆಲಿಸ್ಕೋಪ್ ಇನ್ನೊಂದು ಬದಿಗೆ ಮಗುಚಿದ ಮೇಲೂ. ತಿದ್ದುಪಡಿಯ ಸೂಚನೆ ಮಾತ್ರ ಒಯ್ಯುವ ಎಸ್‌ಟಿ-4 ಕೇಬಲ್ ಒಂದೇ ಇದ್ದರೆ ಈ ಅನುಕೂಲವಿಲ್ಲ. ಪ್ರತಿ ಗುರಿಗೂ ಮತ್ತೆ ಕ್ಯಾಲಿಬ್ರೇಷನ್ ಮಾಡಬೇಕು. ಆದ್ದರಿಂದ ಸಾಧ್ಯವಿದ್ದವರು ಎಸ್‌ಟಿ-4 ಬಿಟ್ಟು ಆಸ್ಕಾಮ್ ಹಿಡಿಯುವುದೇ ಒಳ್ಳೆಯದು.

ಎರಡನೆಯದು ಕ್ಯಾಲಿಬ್ರೇಷನ್ ಹೆಜ್ಜೆಯ ಉದ್ದ, ಅಂದರೆ ಒಂದೊಂದು ಸಲ ಮೌಂಟ್ ಚಲಿಸುವ ಸಮಯ. ಗೈಡ್ ಸ್ಕೋಪ್‌ನ ಫೋಕಲ್ ಲೆಂಗ್ತ್ 200 ಮಿ.ಮೀ., ಗೈಡ್ ಕ್ಯಾಮೆರಾದ ಪಿಕ್ಸೆಲ್ 3.75 ಮೈಕ್ರಾನ್ ಆದರೆ ಅದರ ಸ್ಕೇಲ್ ಸುಮಾರು 3.9 ಆರ್ಕ್‌ಸೆಕೆಂಡ್. ನಕ್ಷತ್ರ 25 ಪಿಕ್ಸೆಲ್ ಸರಿಯಬೇಕೆಂದರೆ ಸುಮಾರು 97 ಆರ್ಕ್‌ಸೆಕೆಂಡ್. ಮೌಂಟ್‌ನ ಗೈಡ್ ವೇಗ 0.5 (ನಕ್ಷತ್ರಗಳು ಸರಿಯುವ ವೇಗದ ಅರ್ಧ) ಎಂದಿದ್ದರೆ ಅದು ಸೆಕೆಂಡಿಗೆ 7.5 ಆರ್ಕ್‌ಸೆಕೆಂಡ್ ಚಲಿಸುತ್ತದೆ, ಒಟ್ಟು 13 ಸೆಕೆಂಡ್ ಬೇಕು. ಇದನ್ನು 12 ಹೆಜ್ಜೆಗೆ ಹಂಚಿದರೆ ಹೆಜ್ಜೆಗೆ 1,100 ಮಿಲಿಸೆಕೆಂಡ್. ಪಿಎಚ್‌ಡಿ2ನಲ್ಲಿರುವ ಕ್ಯಾಲ್ಕುಲೇಟರ್ ಇದೇ ಲೆಕ್ಕ ಮಾಡಿಕೊಡುತ್ತದೆ, ಆದರೆ ನೀವು ಗೈಡ್ ಸ್ಕೋಪ್‌ನ ಫೋಕಲ್ ಲೆಂಗ್ತ್ ಸರಿಯಾಗಿ ತುಂಬಿರಬೇಕು. ಅಲ್ಲಿ ಮುಖ್ಯ ಟೆಲಿಸ್ಕೋಪ್‌ನ 400 ಬರೆದು ಕೂತರೆ ಹೆಜ್ಜೆ ಅರ್ಧಕ್ಕೆ ಇಳಿಯುತ್ತದೆ, ಪರದೆಯ ಮೇಲಿನ ಆರ್‌ಎಂಎಸ್ ಕೂಡ ಇರುವುದರ ಅರ್ಧ ತೋರಿಸುತ್ತದೆ. ಹೊಸಬರ "ಅದ್ಭುತ" ಆರ್‌ಎಂಎಸ್‌ಗಳಲ್ಲಿ ಕೆಲವು ಹೀಗೆ ಹುಟ್ಟಿದವು.

ಉತ್ತರಕ್ಕೆ ಹೋದಾಗ ಮಾತ್ರ ನಿಂತದ್ದು ಡೆಕ್ ಗೇರ್‌ಗಳ ಸಡಿಲದ ಲಕ್ಷಣ. ದಿಕ್ಕು ಬದಲಿಸಿದಾಗ ಗೇರ್‌ನ ಹಲ್ಲು ಹಲ್ಲಿಗೆ ತಾಗುವವರೆಗೆ ಮೋಟಾರ್ ಸುಮ್ಮನೆ ತಿರುಗುತ್ತದೆ, ಟೆಲಿಸ್ಕೋಪ್ ಅಲುಗುವುದಿಲ್ಲ. ಕ್ಯಾಲಿಬ್ರೇಷನ್‌ಗೆ ಮುಂಚೆ ಹ್ಯಾಂಡ್ ಕಂಟ್ರೋಲರ್‌ನಿಂದ ನಿಧಾನ ವೇಗದಲ್ಲಿ ಉತ್ತರದ ಗುಂಡಿಯನ್ನು, ನಕ್ಷತ್ರ ನಿಜವಾಗಿ ಸರಿಯಲು ತೊಡಗುವವರೆಗೆ, ಒತ್ತಿ ಬಿಡಿ. ಆಮೇಲೆ ಪಿಎಚ್‌ಡಿ2ನ ಗೈಡಿಂಗ್ ಅಸಿಸ್ಟೆಂಟ್ ಓಡಿಸಿ ಸಡಿಲ ಎಷ್ಟೆಂದು ಅಳೆಯಿರಿ. ಅದು ಹಲವು ಸೆಕೆಂಡುಗಳಷ್ಟಿದ್ದರೆ ಸಾಫ್ಟ್‌ವೇರ್‌ನ ಪರಿಹಾರಕ್ಕೆ ಜೋತುಬೀಳುವುದರಲ್ಲಿ ಅರ್ಥವಿಲ್ಲ. ಪೋಲಾರ್ ಅಲೈನ್‌ಮೆಂಟ್‌ನಲ್ಲಿ (ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು) ಬೇಕೆಂದೇ ಕೆಲವು ಆರ್ಕ್‌ಮಿನಿಟ್ ವ್ಯತ್ಯಾಸ ಉಳಿಸಿ, ನಕ್ಷತ್ರ ಡೆಕ್‌ನಲ್ಲಿ ಒಂದೇ ಕಡೆಗೆ ಜಾರುವಂತೆ ಮಾಡಿ, ಡೆಕ್ ತಿದ್ದುಪಡಿಯನ್ನು ಅದರ ವಿರುದ್ಧ ದಿಕ್ಕಿಗೆ ಮಾತ್ರ ಇಡಿ. ಆಗ ಗೇರ್ ದಿಕ್ಕು ಬದಲಿಸುವ ಪ್ರಸಂಗವೇ ಬರುವುದಿಲ್ಲ. ಒಂದು ನಿಮಿಷದ ಎಕ್ಸ್‌ಪೋಷರ್‌ಗೆ ಈ ಉಪಾಯ ಧಾರಾಳ ಸಾಕು.

ಎರಡೂ ಅಕ್ಷಗಳಲ್ಲಿ ನಕ್ಷತ್ರ ಅಲುಗಲೇ ಇಲ್ಲವೆಂದರೆ ಕೇಬಲ್ ನೋಡಿ. ದೂರವಾಣಿಯ ತಂತಿಯಂತೆಯೇ ಕಾಣುವ ಎಸ್‌ಟಿ-4 ಕೇಬಲ್‌ಗಳ ಒಳಗಿನ ತಂತಿ ಜೋಡಣೆ ಬೇರೆ ಬೇರೆ ಇರುತ್ತದೆ, ಪಿನ್ ತಪ್ಪಿದರೆ ಸರ್ಕ್ಯೂಟ್ ಸುಡಲೂಬಹುದು. ಕ್ಯಾಮೆರಾ ಜೊತೆಗೆ ಬಂದ ಕೇಬಲ್ ಬಿಟ್ಟು ಬೇರೆಯದನ್ನು ಚುಚ್ಚಬೇಡಿ.

ಪ್ರಶ್ನೆ: ಗೈಡಿಂಗ್ ಗ್ರಾಫ್ ಗೆರೆ ಎಳೆದ ಹಾಗೆ ನೆಟ್ಟಗಿದೆ. ಆದರೂ ಫ್ರೇಮ್‌ನಲ್ಲಿ ನಕ್ಷತ್ರಗಳೂ ಧೂಮಕೇತುವೂ ಉದ್ದವಾಗಿವೆ. ಇದು ಹೇಗೆ ಸಾಧ್ಯ?

ಉತ್ತರ: ಗ್ರಾಫ್ ತೀರಾ ನೆಟ್ಟಗಿದ್ದರೆ ಸಂಶಯಪಡಿ. ನಿಜವಾದ ನಕ್ಷತ್ರ ಗಾಳಿಗೆ ಸದಾ ಸ್ವಲ್ಪ ನಡುಗುತ್ತದೆ. ನಡುಗದೆ ಕೂತಿರುವುದು ಹಾಟ್ ಪಿಕ್ಸೆಲ್, ಕ್ಯಾಮೆರಾದ ಸೆನ್ಸರ್‌ನಲ್ಲೇ ಇರುವ ಚುಕ್ಕೆ. ಸಾಫ್ಟ್‌ವೇರ್ ಅದನ್ನೇ ನಕ್ಷತ್ರವೆಂದು ಹಿಡಿದುಕೊಂಡು "ಎಲ್ಲ ಸರಿಯಿದೆ" ಎನ್ನುತ್ತಿರುತ್ತದೆ. ನಕ್ಷತ್ರದ ಪ್ರೊಫೈಲ್ ಕಿಟಕಿ ತೆರೆದು ನೋಡಿ: ನಕ್ಷತ್ರವಾದರೆ ಇಳಿಜಾರಿರುವ ಗುಡ್ಡ, ಹಾಟ್ ಪಿಕ್ಸೆಲ್ ಆದರೆ ಒಂದೇ ಪಿಕ್ಸೆಲ್ ಅಗಲದ ಮೊಳೆ. ಗೈಡ್ ಸ್ಕೋಪ್‌ಗೆ ಮುಚ್ಚಳ ಹಾಕಿ ಪಿಎಚ್‌ಡಿ2ನಲ್ಲಿ ಡಾರ್ಕ್ ಲೈಬ್ರರಿ (ಹಾಟ್ ಪಿಕ್ಸೆಲ್‌ಗಳನ್ನು ಕಳೆಯಲು ಬಳಸುವ ಕತ್ತಲ ಚಿತ್ರಗಳು) ಮಾಡಿಟ್ಟುಕೊಳ್ಳಿ. ನಕ್ಷತ್ರವನ್ನು ನೀವೇ ಕ್ಲಿಕ್ ಮಾಡದೆ, ತಾನಾಗಿ ಆರಿಸಿಕೊಳ್ಳಲು ಸಾಫ್ಟ್‌ವೇರ್‌ಗೆ ಬಿಡಿ.

ನಕ್ಷತ್ರ ನಿಜವೇ ಆಗಿದ್ದರೆ ಮುಂದಿನ ಶಂಕೆ ಫ್ಲೆಕ್ಷರ್. ಗೈಡ್ ಸ್ಕೋಪ್ ಮತ್ತು ಮುಖ್ಯ ಟೆಲಿಸ್ಕೋಪ್ ಒಂದನ್ನು ಬಿಟ್ಟು ಇನ್ನೊಂದು ಕೂದಲೆಳೆಯಷ್ಟು ಬಾಗುತ್ತಿರುತ್ತದೆ. 200 ಮಿ.ಮೀ. ಗೈಡ್ ಸ್ಕೋಪ್‌ನ ತುದಿ ಕೇವಲ 0.01 ಮಿ.ಮೀ. ಬಾಗಿದರೂ ಸುಮಾರು 10 ಆರ್ಕ್‌ಸೆಕೆಂಡ್ ತಪ್ಪುತ್ತದೆ. ಮೂರು ಪ್ಲಾಸ್ಟಿಕ್ ಸ್ಕ್ರೂಗಳ ಮೇಲೆ ಕೂರುವ ಫೈಂಡರ್ ಬ್ರಾಕೆಟ್, ಸಡಿಲ ಫೋಕಸರ್, ಜೋತಾಡುವ ಯುಎಸ್‌ಬಿ ಕೇಬಲ್ ಇದರ ಸಾಮಾನ್ಯ ಮೂಲಗಳು. ಗೈಡ್ ಸ್ಕೋಪ್‌ಅನ್ನು ಎರಡು ಗಟ್ಟಿ ಉಂಗುರಗಳಲ್ಲಿ ಬಿಗಿದು, ಕೇಬಲ್‌ಗಳನ್ನು ಟೆಲಿಸ್ಕೋಪ್‌ಗೇ ಕಟ್ಟಿಬಿಡಿ. ಸಾಲಾಗಿ ತೆಗೆದ ಫ್ರೇಮ್‌ಗಳಲ್ಲಿ ಮೊದಲಿನದನ್ನೂ ಕೊನೆಯದನ್ನೂ ಹೋಲಿಸಿದಾಗ, ಇಡೀ ನಕ್ಷತ್ರ ಸಮೂಹ ಒಂದೇ ದಿಕ್ಕಿಗೆ ಒಂದೇ ಸಮನೆ ಜಾರಿದ್ದರೆ ಅದು ಫ್ಲೆಕ್ಷರ್. ನಡುವೆ ಸುತ್ತಿದಂತಿದ್ದರೆ ಪೋಲಾರ್ ಅಲೈನ್‌ಮೆಂಟ್ ತಪ್ಪಿದೆ.

ಪ್ರಶ್ನೆ: ನಕ್ಷತ್ರ ಬಿಟ್ಟು ನೇರವಾಗಿ ಧೂಮಕೇತುವಿನ ತಲೆಯ ಮೇಲೇ ಗೈಡ್ ಮಾಡಬಹುದಲ್ಲ? ನನ್ನ ಮೌಂಟ್‌ನಲ್ಲಿ ಧೂಮಕೇತುವಿನ ವೇಗ ತುಂಬುವ ಸೌಲಭ್ಯವೂ ಇದೆ. ಅದನ್ನೂ ಗೈಡಿಂಗ್ಅನ್ನೂ ಒಟ್ಟಿಗೆ ಹಚ್ಚಿದೆ, ಎರಡೂ ಕೆಟ್ಟವು.

ಉತ್ತರ: ಕೆಡಲೇಬೇಕು. ಮೌಂಟ್ ಧೂಮಕೇತುವಿನ ಹಿಂದೆ ಹೊರಟಾಗ ಗೈಡ್ ನಕ್ಷತ್ರ ಜಾರುತ್ತದೆ. ಗೈಡರ್ ಅದನ್ನು ತಪ್ಪೆಂದು ತಿಳಿದು ಮೌಂಟ್‌ಅನ್ನು ಹಿಂದಕ್ಕೆ ಎಳೆಯುತ್ತದೆ. ಮೌಂಟ್‌ನ ಧೂಮಕೇತು ವೇಗ ಬೇಕಿದ್ದರೆ ಗೈಡಿಂಗ್ ನಿಲ್ಲಿಸಿ. ಗೈಡಿಂಗ್ ಬೇಕಿದ್ದರೆ ಮೌಂಟ್ ಸೈಡೀರಿಯಲ್ (ನಕ್ಷತ್ರಗಳ) ವೇಗದಲ್ಲೇ ಇರಲಿ.

ತಲೆಯ ಮೇಲೆ ಗೈಡ್ ಮಾಡುವುದು ಕೆಲವೊಮ್ಮೆ ನಡೆಯುತ್ತದೆ, ನಡುವೆ ನಕ್ಷತ್ರದಂತೆ ಚೂಪಾದ ಹೊಳಪಿದ್ದಾಗ. ಬಹಳ ಸಲ ಗೈಡ್ ಕ್ಯಾಮೆರಾಕ್ಕೆ ಕಾಣುವುದು ಅಂಚಿಲ್ಲದ ಮಬ್ಬು ಕೋಮಾ (ತಿರುಳಿನ ಸುತ್ತಲಿನ ಅನಿಲ–ಧೂಳಿನ ಮೋಡ). ಅದರ ನಡುಬಿಂದು ಫ್ರೇಮ್‌ನಿಂದ ಫ್ರೇಮ್‌ಗೆ ಓಲಾಡುತ್ತದೆ, ಹತ್ತಿರದಲ್ಲೊಂದು ಪ್ರಕಾಶಮಾನ ನಕ್ಷತ್ರ ಹಾದರೆ ಗೈಡರ್ ಅದಕ್ಕೇ ಹಾರಿಬಿಡುತ್ತದೆ.

ಇದಕ್ಕಿಂತ ಉತ್ತಮ ದಾರಿ ಪಿಎಚ್‌ಡಿ2ನ ಕಾಮೆಟ್ ಟ್ರ್ಯಾಕಿಂಗ್. ಇಲ್ಲಿ ಗೈಡ್ ಮಾಡುವುದು ನಕ್ಷತ್ರದ ಮೇಲೇ, ಆದರೆ ನಕ್ಷತ್ರವನ್ನು ಹಿಡಿದಿಡಬೇಕಾದ ಬಿಂದುವನ್ನೇ ಸಾಫ್ಟ್‌ವೇರ್ ನಿಧಾನವಾಗಿ ಸರಿಸುತ್ತಾ ಹೋಗುತ್ತದೆ. ಏಕಮಾನ ಗಂಟೆಗೆ ಆರ್ಕ್‌ಸೆಕೆಂಡ್, ಅಕ್ಷಗಳು ಆರ್‌ಎ–ಡೆಕ್ ಎಂದು ಆರಿಸಿ ಹೊರೈಜನ್ಸ್‌ನ ಎರಡು ಸಂಖ್ಯೆಗಳನ್ನು ತುಂಬಿ. ಆಮೇಲೆ ಹತ್ತು ನಿಮಿಷದ ಅಂತರದಲ್ಲಿ ಎರಡು ಚಿಕ್ಕ ಫ್ರೇಮ್ ತೆಗೆದು ನೋಡಿ. ತಲೆ ಅದೇ ಪಿಕ್ಸೆಲ್‌ನಲ್ಲಿದ್ದರೆ ಸರಿ. ಟ್ರ್ಯಾಕಿಂಗ್ ಇಲ್ಲದಾಗ ಸರಿಯುವುದರ ಎರಡರಷ್ಟು ಸರಿದಿದ್ದರೆ ಚಿಹ್ನೆ ಉಲ್ಟಾ ಆಗಿದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ತರಬೇತಿ ಸೌಲಭ್ಯವಿದೆ: ಗೈಡಿಂಗ್ ಶುರುವಾದ ಮೇಲೆ ಸ್ಟಾರ್ಟ್ ಒತ್ತಿ, ಧೂಮಕೇತು ಜಾರಿದಂತೆಲ್ಲ ಲಾಕ್ ಪೊಸಿಷನ್ ಬಾಣಗಳಿಂದ ಅದನ್ನು ಮೊದಲಿದ್ದ ಜಾಗಕ್ಕೆ ತನ್ನಿ, ಕೆಲವು ಸಲ ಹೀಗೆ ಮಾಡಿದ ಮೇಲೆ ಸ್ಟಾಪ್ ಒತ್ತಿದರೆ ವೇಗ ತಾನೇ ಲೆಕ್ಕವಾಗಿರುತ್ತದೆ. ಮುಂದಿನ ಗುರಿಗೆ ಹೋಗುವ ಮುನ್ನ ಇದನ್ನು ನಿಲ್ಲಿಸಲು ಮರೆತರೆ ಗೆಲಾಕ್ಸಿಯೂ ಧೂಮಕೇತುವಿನಂತೆಯೇ ಓಡುತ್ತದೆ.

ಹಾಗಿದ್ದರೂ ಮೊದಲ ಪ್ರಯತ್ನಕ್ಕೆ ನಾವು ಇದನ್ನು ಹೇಳುವುದಿಲ್ಲ. ನಕ್ಷತ್ರದ ಮೇಲೆ ಗೈಡ್ ಮಾಡಿ ಚಿಕ್ಕ ಫ್ರೇಮ್‌ಗಳನ್ನು ತೆಗೆದರೆ ನಕ್ಷತ್ರವೂ ಧೂಮಕೇತುವೂ ಒಂದೇ ರಾಶಿಯಲ್ಲಿ ಸಿಗುತ್ತವೆ. ಕಾಮೆಟ್ ಟ್ರ್ಯಾಕಿಂಗ್‌ನಲ್ಲಿ ನಕ್ಷತ್ರಗಳು ಗೆರೆಯಾಗುತ್ತವೆ, ಅವಕ್ಕಾಗಿ ಇನ್ನೊಂದು 20–30 ಫ್ರೇಮ್ ಬೇರೆ ತೆಗೆಯಬೇಕು. ಮಂದ ಧೂಮಕೇತು, ಉದ್ದ ಫೋಕಲ್ ಲೆಂಗ್ತ್, ವೇಗದ ಚಲನೆ ಮೂರೂ ಸೇರಿದಾಗ ಅದರ ಬೆಲೆ ತಿಳಿಯುತ್ತದೆ.

ಪ್ರಶ್ನೆ: ಧೂಮಕೇತು ದಿಗಂತದ ಹತ್ತಿರವೇ ಇರುತ್ತದೆ. ಅಲ್ಲಿ ಗ್ರಾಫ್ ಗರಗಸದ ಹಲ್ಲಿನಂತೆ ಕುಣಿಯುತ್ತದೆ.

ಉತ್ತರ: 20 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಯ ಮೇಲಿನದಕ್ಕಿಂತ ಸುಮಾರು ಮೂರು ಪಟ್ಟು ಗಾಳಿ ಹಾದು ಬರುತ್ತದೆ, 10 ಡಿಗ್ರಿಯಲ್ಲಿ ಐದೂವರೆ ಪಟ್ಟು. ಪ್ರತಿ ನಡುಕಕ್ಕೂ ಮೌಂಟ್ ತಿದ್ದಲು ಹೋದರೆ ಇಲ್ಲದ ತಪ್ಪನ್ನು ನೀವೇ ಹುಟ್ಟಿಸಿದಂತೆ. ಗೈಡ್ ಎಕ್ಸ್‌ಪೋಷರ್ 1 ಸೆಕೆಂಡ್ ಇದ್ದರೆ 2.5 ಅಥವಾ 3ಕ್ಕೆ ಏರಿಸಿ, ನಡುಕ ಸರಾಸರಿಯಾಗುತ್ತದೆ. ಅಗ್ರೆಸಿವ್‌ನೆಸ್ (ಕಂಡ ತಪ್ಪಿನಲ್ಲಿ ಶೇಕಡಾ ಎಷ್ಟನ್ನು ತಿದ್ದಬೇಕು ಎಂಬುದು) 50–60ಕ್ಕೆ ಇಳಿಸಿ. ಕನಿಷ್ಠ ಚಲನೆಯ (ಅದಕ್ಕಿಂತ ಚಿಕ್ಕ ಜಾರುವಿಕೆಯನ್ನು ತಿದ್ದದೆ ಬಿಡುವ) ಮೌಲ್ಯವನ್ನು ಗೈಡಿಂಗ್ ಅಸಿಸ್ಟೆಂಟ್ ಸೂಚಿಸಿದಂತೆ ಇಡಿ. ಬಹುನಕ್ಷತ್ರ ಗೈಡಿಂಗ್ ಇದ್ದರೆ ಬಳಸಿ. ಅಲ್ಲಿ 1.5 ಆರ್ಕ್‌ಸೆಕೆಂಡ್ ಆರ್‌ಎಂಎಸ್ ಬಂದರೆ ಚಿಂತೆ ಬೇಡ, ಮೊದಲ ಉದಾಹರಣೆಯ 2.2 ಆರ್ಕ್‌ಸೆಕೆಂಡ್‌ನ ಪಿಕ್ಸೆಲ್‌ಗಿಂತ ಅದು ಕಡಿಮೆಯೇ. ಆರ್‌ಎ ಮತ್ತು ಡೆಕ್ ಎರಡರ ಆರ್‌ಎಂಎಸ್ ಹತ್ತಿರ ಹತ್ತಿರ ಇರುವುದು ಹೆಚ್ಚು ಮುಖ್ಯ. ಒಂದು ಇನ್ನೊಂದರ ಎರಡರಷ್ಟಾದರೆ ನಕ್ಷತ್ರ ಮೊಟ್ಟೆಯಾಕಾರವಾಗುತ್ತದೆ.

ಸಂಜೆಯ ಧೂಮಕೇತುವಿಗೆ ಸಮಯವೂ ಕಡಿಮೆ. 2024ರ ಅಕ್ಟೋಬರ್‌ನಲ್ಲಿ ಸಿ/2023 ಎ3 ಸುಚಿನ್‌ಶಾನ್–ಅಟ್ಲಾಸ್ ಸಂಜೆಯ ಆಕಾಶಕ್ಕೆ ಬಂದ ಮೊದಲ ದಿನಗಳಲ್ಲಿ ಸೂರ್ಯ ಮುಳುಗಿದ ಹಿಂದೆಯೇ ಅದೂ ಮುಳುಗುತ್ತಿತ್ತು. ಅಂಥ ದಿನ ಪೋಲಾರ್ ಅಲೈನ್‌ಮೆಂಟ್, ಫೋಕಸ್, ಕ್ಯಾಲಿಬ್ರೇಷನ್ ಎಲ್ಲ ಕತ್ತಲಾದ ಮೇಲೆ ಮಾಡುತ್ತೇನೆಂದರೆ ಧೂಮಕೇತು ಕಾಯುವುದಿಲ್ಲ. ಆಸ್ಕಾಮ್ ಇದ್ದವರು, ಗೈಡ್ ಸ್ಕೋಪ್ ಬಿಚ್ಚದೆ ಇಟ್ಟಿದ್ದರೆ, ಹಿಂದಿನ ರಾತ್ರಿಯ ಕ್ಯಾಲಿಬ್ರೇಷನ್ಅನ್ನೇ ಬಳಸಬಹುದು.

ಪ್ರಶ್ನೆ: 60 ಫ್ರೇಮ್ ಇವೆ. ಸಾಮಾನ್ಯ ರೀತಿಯಲ್ಲಿ ಸ್ಟ್ಯಾಕ್ ಮಾಡಿದರೆ (ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡಿದರೆ) ಧೂಮಕೇತು ಉದ್ದನೆಯ ಹೊಗೆಯಾಗುತ್ತದೆ. ಮುಂದೇನು?

ಉತ್ತರ: ಎರಡು ಸಲ ಸ್ಟ್ಯಾಕ್ ಮಾಡಿ: ಒಮ್ಮೆ ನಕ್ಷತ್ರಗಳನ್ನು ಹೊಂದಿಸಿ, ಇನ್ನೊಮ್ಮೆ ಧೂಮಕೇತುವಿನ ತಲೆಯನ್ನು ಹೊಂದಿಸಿ. ಸ್ಟ್ಯಾಕ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಒಂದಾದ ಡೀಪ್‌ಸ್ಕೈಸ್ಟ್ಯಾಕರ್‌ನಲ್ಲಿ ಮೊದಲ, ಕೊನೆಯ ಮತ್ತು ರೆಫರೆನ್ಸ್ ಫ್ರೇಮ್‌ನಲ್ಲಿ ತಲೆಯನ್ನು ಗುರುತಿಸಿದರೆ ಉಳಿದವುಗಳಲ್ಲಿ ಅದು ಎಲ್ಲಿದೆ ಎಂಬುದನ್ನು ಸಮಯದ ಆಧಾರದಲ್ಲಿ ಅದೇ ಲೆಕ್ಕ ಹಾಕುತ್ತದೆ. ಇನ್ನೊಂದಾದ ಸಿರಿಲ್‌ನಲ್ಲಿ ಮೊದಲು ನಕ್ಷತ್ರಗಳಿಗೆ ರಿಜಿಸ್ಟ್ರೇಷನ್ (ಹೊಂದಾಣಿಕೆ) ಮಾಡಿ, ಆಮೇಲೆ ಧೂಮಕೇತು ರಿಜಿಸ್ಟ್ರೇಷನ್‌ನಲ್ಲಿ ಮೊದಲ ಮತ್ತು ಕೊನೆಯ ಫ್ರೇಮ್‌ಗಳಲ್ಲಿ ತಲೆಯನ್ನು ಆರಿಸಬೇಕು. ಎರಡೂ ಸಾಫ್ಟ್‌ವೇರ್‌ಗಳು ಫ್ರೇಮ್‌ನಲ್ಲಿ ದಾಖಲಾದ ಸಮಯವನ್ನು ನಂಬುತ್ತವೆ, ನಡುವೆ ಕ್ಯಾಮೆರಾದ ಗಡಿಯಾರ ತಿದ್ದಬೇಡಿ.

ಧೂಮಕೇತುವಿನ ಸ್ಟ್ಯಾಕ್‌ನಲ್ಲಿ ನಕ್ಷತ್ರದ ಗೆರೆಗಳನ್ನು ಅಳಿಸುವುದು ಸಿಗ್ಮಾ ಕ್ಲಿಪಿಂಗ್, ಅಂದರೆ ಉಳಿದ ಫ್ರೇಮ್‌ಗಳಿಗಿಂತ ತೀರಾ ಬೇರೆಯಾದ ಪಿಕ್ಸೆಲ್‌ಗಳನ್ನು ಬಿಟ್ಟುಬಿಡುವ ವಿಧಾನ. ಅದು ಕೆಲಸ ಮಾಡಬೇಕಾದರೆ ಒಂದೇ ಪಿಕ್ಸೆಲ್ ಮೇಲೆ ನಕ್ಷತ್ರ ಕೆಲವೇ ಫ್ರೇಮ್‌ಗಳಲ್ಲಿ ಬಿದ್ದಿರಬೇಕು. ಮೇಲಿನ ಉದಾಹರಣೆಯಲ್ಲಿ ಧೂಮಕೇತು ಗಂಟೆಯಲ್ಲಿ 80 ಪಿಕ್ಸೆಲ್ ದಾಟುತ್ತದೆ, ನಕ್ಷತ್ರದ ಅಗಲ ನಾಲ್ಕೈದು ಪಿಕ್ಸೆಲ್, ಆದ್ದರಿಂದ ಚೆನ್ನಾಗಿ ಅಳಿಯುತ್ತದೆ. ಹತ್ತೇ ನಿಮಿಷ ತೆಗೆದರೆ 14 ಪಿಕ್ಸೆಲ್ ಮಾತ್ರ, ಗೆರೆಯ ಕಲೆ ಉಳಿಯುತ್ತದೆ. ಮೂರು–ನಾಲ್ಕು ಫ್ರೇಮ್‌ಗೊಮ್ಮೆ ಡಿದರಿಂಗ್ (ಟೆಲಿಸ್ಕೋಪ್‌ಅನ್ನು ಬೇಕೆಂದೇ ಕೆಲವು ಪಿಕ್ಸೆಲ್ ಸರಿಸುವುದು) ಹಾಕಿ, ಇಲ್ಲವಾದರೆ ಹಾಟ್ ಪಿಕ್ಸೆಲ್‌ಗಳು ಧೂಮಕೇತು ಚಲಿಸಿದ ದಿಕ್ಕಿನಲ್ಲಿ ಬಣ್ಣದ ಗೀಚುಗಳಾಗಿ ಮೂಡುತ್ತವೆ. ಫ್ಲ್ಯಾಟ್ ಫ್ರೇಮ್ (ಅಂಚಿನ ಮಬ್ಬು, ಧೂಳಿನ ಕಲೆ ತಿದ್ದಲು ಸಮನಾದ ಬೆಳಕಿನಲ್ಲಿ ತೆಗೆದ ಚಿತ್ರ) 20–30 ಕಡ್ಡಾಯ. ಹಿನ್ನೆಲೆ ಸಮಗೊಳಿಸುವಾಗ ಮಾದರಿ ಬಿಂದುಗಳನ್ನು ಬಾಲದಿಂದ ದೂರವಿಡಿ, ಡಿಗ್ರಿ (ಇಲ್ಲಿ ಬಹುಪದೋಕ್ತಿಯ ಘಾತ, ಕೋನವಲ್ಲ) 1 ಸಾಕು. ಹೆಚ್ಚು ಡಿಗ್ರಿ ಕೊಟ್ಟರೆ ಸಾಫ್ಟ್‌ವೇರ್ ಬಾಲವನ್ನೇ ಬೆಳಕಿನ ಮಾಲಿನ್ಯವೆಂದು ಒರೆಸಿಹಾಕುತ್ತದೆ.

ಪ್ರಶ್ನೆ: 135 ಮಿ.ಮೀ. ಲೆನ್ಸ್, ಸಣ್ಣ ಟ್ರ್ಯಾಕರ್ (ಕ್ಯಾಮೆರಾವನ್ನು ನಕ್ಷತ್ರಗಳ ಜೊತೆ ತಿರುಗಿಸುವ ಸಾಧನ) ಇದೆ. ಗೈಡ್ ಸ್ಕೋಪ್ ಕೊಳ್ಳಲೇ?

ಉತ್ತರ: ಬೇಡ. 4.3 ಮೈಕ್ರಾನ್ ಪಿಕ್ಸೆಲ್‌ಗೆ ನಿಮ್ಮ ಸ್ಕೇಲ್ 6.6 ಆರ್ಕ್‌ಸೆಕೆಂಡ್. ಪೋಲಾರ್ ಅಲೈನ್‌ಮೆಂಟ್ 5 ಆರ್ಕ್‌ಮಿನಿಟ್ ಒಳಗಿದ್ದರೆ ಒಂದು ನಿಮಿಷಕ್ಕೆ ಜಾರುವುದು ಹೆಚ್ಚೆಂದರೆ 1.3 ಆರ್ಕ್‌ಸೆಕೆಂಡ್, ಅಂದರೆ ಪಿಕ್ಸೆಲ್‌ನ ಐದನೇ ಒಂದು ಭಾಗ. ಟ್ರ್ಯಾಕರ್‌ನ ಗೇರ್ ದೋಷದಿಂದ ಕೆಲವು ಫ್ರೇಮ್ ಕೆಡಬಹುದು, ಅವನ್ನು ಎಸೆದುಬಿಡಿ. ಆ ಹಣಕ್ಕೆ ಲೆನ್ಸ್‌ಗೆ ಡ್ಯೂ ಹೀಟರ್ ಕೊಳ್ಳಿ. ಮಂಜು ಕೂತ ಗಾಜಿಗೆ ಯಾವ ಗೈಡಿಂಗ್‌ನಿಂದಲೂ ಉಪಯೋಗವಿಲ್ಲ.